ಕೇಳದೆ ಅಚ್ಚಾದ ಸನ್ಮಾನ

ಶಹಾಬಾದ ದಾಟಿತೆಂದರೆ ರೈಲಿನ ಕಿಟಕಿಯಾಚೆ ಬಣ್ಣಗಳೆಲ್ಲ ತೆಳುವಾಗುತ್ತವೆ. ಬೇವಿನ ಮರ, ಜಾಲಿಯ ಕಂಟಿ, ಹಳಿಯ ಪಕ್ಕ ನಿಂತ ಎಮ್ಮೆ, ಎಲ್ಲದರ ಮೇಲೂ ಸುಣ್ಣಕಲ್ಲಿನ ಹುಡಿ ಕೂತಿರುತ್ತದೆ. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಆ ಬಿಳುಪು ಕಣ್ಣಿಗೆ ಬಿದ್ದದ್ದೇ ತಡ, ನನಗೆ ಜೊಂಪು ಹತ್ತುತ್ತಿತ್ತು. ಪೂರ್ತಿ ನಿದ್ದೆಯಲ್ಲ. ಹಿಂದಿನ ದಿನ ಕೇಳಿದ ಮಾತು, ನೋಡಿದ ಮುಖಗಳು ಒಂದರೊಳಗೊಂದು ಬೆರೆತು, ಯಾರು ಚಿತ್ತಾಪುರದವರು, ಯಾರು ಚಿಂಚೋಳಿಯವರು ಎಂಬುದೇ ಗೊತ್ತಾಗದಂಥ ಸ್ಥಿತಿ. ಒಮ್ಮೆ ಚಿತ್ತಾಪುರದಲ್ಲಿ ಇಳಿಯಬೇಕಾದವಳು ಸೇಡಂನಲ್ಲಿ ಕಣ್ಣು ಬಿಟ್ಟೆ. ಚಿತ್ತಾಪುರದಲ್ಲಿ ಕಾದು ಕೂತವರು ಫೋನ್ ಮಾಡಿ "ಮೇಡಂ, ಎಲ್ಲಿದ್ದೀರಿ?" ಎಂದಾಗ "ಇಲ್ಲೇ ಬಂದೆ" ಎಂದು ಹೇಳಿ, ಆಮೇಲೆ ಎರಡು ತಾಸು ಅವರ ಕೈಯಲ್ಲಿ ನಗೆಪಾಟಲಾದೆ.

ಅದು ದೀಪಾವಳಿಗೆ ಶುರುವಾಗಿ ಯುಗಾದಿಯೊಳಗೆ ಮುಗಿಯಬೇಕಿದ್ದ ಕೆಲಸ. ಹುಡುಗನನ್ನೇ ಮೆಚ್ಚುವ ಹುಡುಗ, ಹುಡುಗಿಯನ್ನೇ ಮೆಚ್ಚುವ ಹುಡುಗಿ ಮನೆಯಲ್ಲಿ ಸಿಕ್ಕಿಬಿದ್ದ ದಿನ ಮೊದಲು ಯಾರ ಹತ್ತಿರ ಓಡುತ್ತಾರೆ? ಮನೆಯವರು ಬುದ್ಧಿ ಹೇಳಿಸಲು ಮೊದಲು ಯಾರನ್ನು ಕರೆಸುತ್ತಾರೆ? ಈ ಎರಡು ಪ್ರಶ್ನೆಗೆ ಉತ್ತರವಾಗುವ ಜನರನ್ನು ಹುಡುಕಿ, ಕೂಡಿಸಿ, ಆ ಮಕ್ಕಳನ್ನು ಕಾಯುವುದು ಹೇಗೆಂದು ಕಲಿಸುವುದು ನಮ್ಮ ಸಂಸ್ಥೆಯಲ್ಲಿ ನನ್ನ ಪಾಲಿಗೆ ಬಂದಿತ್ತು. ತಾಯಂದಿರು, ಅತ್ತೆಯರು, ಹಾಸ್ಟೆಲ್ಲಿನ ವಾರ್ಡನ್ನರು, ಆಶಾ ಕಾರ್ಯಕರ್ತೆಯರು, ಮಾಸ್ತರರು, ಓಣಿಯ ಹಿರಿಯರು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಹೀಗೆ ಐದು ಊರು; ತಿಂಗಳಿಗೆ ಒಂದೊಂದು ದಿನ ಒಂದೊಂದು ಊರಿನಲ್ಲಿ. ನನ್ನ ಚೀಲದಲ್ಲಿ ಒಂದು ಬ್ಯಾನರ್, ಒಂದಿಷ್ಟು ಹಾಳೆ, ಒಂದು ಥರ್ಮಾಸು ಇರುತ್ತಿದ್ದವು.

ಚಿಂಚೋಳಿಯಲ್ಲಿ ಮೊದಲ ದಿನ ಸಭಾಂಗಣ ತುಂಬಿಹೋಗಿತ್ತು. ನನ್ನ ಖುಷಿ ಹೇಳತೀರದು. ಹತ್ತು ನಿಮಿಷ ಮಾತಾಡಿದ ಮೇಲೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು, "ಅದೆಲ್ಲಾ ಇರ್ಲಿ ಯವ್ವಾ, ಹೊಲಿಗಿ ಮಿಷನ್ ಯಾವಾಗ ಕೊಡ್ತೀರಿ?" ಎಂದರು. ಊರಿನಲ್ಲಿ ಹಾಗೆ ಸುದ್ದಿಯಾಗಿತ್ತಂತೆ. ಮಿಷನ್ ಇಲ್ಲ ಎಂದೆ. ಚಹಾ ಬರುವುದರೊಳಗೆ ಏಳು ಜನ ಉಳಿದಿದ್ದರು, ಅದರಲ್ಲಿ ಒಬ್ಬರು ಬಸ್ಸಿಗೆ ಕಾಯುತ್ತಿದ್ದರು.

ಆ ಏಳರಲ್ಲಿ ಸುಲೇಪೇಟದ ಸಾಹುಕಾರರಿದ್ದರು. ರೈತರ ಕಾಳನ್ನು ದಲ್ಲಾಳಿಗೆ ಮಾರಿಕೊಡುವ ಅಡತಿ ಅಂಗಡಿಯವರು, ವಯಸ್ಸು ಅರವತ್ತೈದರ ಮೇಲೆ, ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಧೋತರ. ಸುತ್ತಿನ ಊರುಗಳಲ್ಲಿ ಗಂಡ ಹೆಂಡಿರ ಜಗಳದಿಂದ ಶಾಲೆಯ ಬಹುಮಾನ ವಿತರಣೆಯವರೆಗೆ ಅವರಿಲ್ಲದೆ ನಡೆಯುತ್ತಿರಲಿಲ್ಲ. "ನೀವ್ಯಾಕೆ ಉಳಿದಿರಿ?" ಎಂದು ಕೇಳಿದ್ದಕ್ಕೆ, "ಹೇಳೋದು ಹೇಳ್ರಿ. ಕೇಳಿದ್ರ ಕಿವಿ ಏನ್ ಸವೆಯಂಗಿಲ್ಲ" ಎಂದರು. ಆ ಮನುಷ್ಯನ ಮೇಲೆ ಅಂದೇ ನನಗೆ ಪ್ರೀತಿ ಹುಟ್ಟಿತು.

ಶಹಾಬಾದಿನಲ್ಲಿ ಬೇರೆ ಫಜೀತಿ. ಮೊದಲೇ ಮಾತಾಡಿಟ್ಟಿದ್ದ ಕಲ್ಯಾಣಮಂಟಪದ ಮ್ಯಾನೇಜರು ನಮ್ಮ ಬ್ಯಾನರನ್ನು ಎರಡು ಸಲ ಓದಿ ಬಾಗಿಲಿಗೆ ಅಡ್ಡ ನಿಂತರು. "ಇಲ್ಲಿ ಲಗ್ನ ಆಗ್ತಾವ್ರಿ. ಇಂಥದ್ದಕ್ಕ ಕೊಡಂಗಿಲ್ಲ." ಕೊನೆಗೆ ಪರಿಚಯದವರೊಬ್ಬರ ಖಾಲಿ ಗೋದಾಮಿನಲ್ಲಿ ನೆಲದ ಮೇಲೆ ಕೂತೆವು. ಗೋಡೆಗೆ ಹಾಳೆ ಅಂಟಲಿಲ್ಲ. ಪಕ್ಕದ ಶಾಲೆಯಿಂದ ಸೀಮೆಸುಣ್ಣ ತರಿಸಿ ಕೆಳಗಿನ ಫರಸಿ ಕಲ್ಲಿನ ಮೇಲೆಯೇ ಬರೆಯತೊಡಗಿದೆ. ಎಲ್ಲರೂ ಬಗ್ಗಿ, ಮಂಡಿ ಊರಿ, ತಲೆಗೆ ತಲೆ ಹಚ್ಚಿ ನೋಡಿದರು. ಕುರ್ಚಿಯ ಮೇಲೆ ಕೂತಾಗ ಬಾಯಿ ಬಿಡದವರು ನೆಲಕ್ಕೆ ಬಂದ ಮೇಲೆ ಮಾತಾಡಿದರು. ಅಂದಿನಿಂದ ಬ್ಯಾನರು ಚೀಲದಲ್ಲೇ ಉಳಿಯಿತು.

ನಾನು ಬರೆಯುತ್ತಿದ್ದದ್ದು ಒಂದರೊಳಗೊಂದು ಮೂರು ವೃತ್ತ. ನಡುವೆ ಆ ಹುಡುಗ ಅಥವಾ ಹುಡುಗಿ. ಒಳಗಿನ ವೃತ್ತದಲ್ಲಿ ವಿಷಯ ಗೊತ್ತಿರುವವರು, ಎರಡನೆಯದರಲ್ಲಿ ಮುಂದೆ ಹೇಳಬಹುದಾದವರು, ಹೊರಗಿನದರಲ್ಲಿ ಸದ್ಯಕ್ಕೆ ಗೊತ್ತಾಗಲೇಬಾರದವರು. ಅಪ್ಪ, ಅಣ್ಣ, ಗೆಳೆಯ, ಮಾಸ್ತರು ಎಂದು ಒಬ್ಬೊಬ್ಬರಿಗೆ ಒಂದೊಂದು ಕಲ್ಲುಹರಳು ಇಡುವುದು. ಆಮೇಲೆ ಒಂದೇ ಪ್ರಶ್ನೆ: ಈ ಹರಳನ್ನು ಒಂದು ವೃತ್ತದಿಂದ ಇನ್ನೊಂದಕ್ಕೆ ಸರಿಸುವವರು ಯಾರು? "ಆ ಹುಡುಗನs" ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳುತ್ತಿದ್ದರು. ಮರುಕ್ಷಣವೇ ಒಬ್ಬರು ಕೈ ಚಾಚಿ, "ಅವರಣ್ಣಗ ಹೇಳಿದ್ರ ಛಲೋ ಆಗ್ತದ ನೋಡ್ರಿ" ಎಂದು ಅಣ್ಣನ ಹರಳನ್ನು ತಾವೇ ಒಳಗೆ ದೂಡುತ್ತಿದ್ದರು. ಆ ಕೈಯನ್ನು ತಡೆಯುವುದೇ ನನ್ನ ತರಬೇತಿಯ ಅರ್ಧ ಕೆಲಸ. ಹೊಡೆಯಬೇಡಿ, ಮದುವೆ ಮಾಡಿ ಸರಿಮಾಡುತ್ತೇವೆ ಎನ್ನಬೇಡಿ, ಮಂತ್ರ ತಾಯತ ಮಾಡಿಸಬೇಡಿ ಎಂಬುದು ಉಳಿದರ್ಧ. ದಂಡೋತಿಯ ನಿವೃತ್ತ ಹೆಡ್‌ಮಾಸ್ತರರು ಮಾತ್ರ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡು, "ಇನ್ನೊಮ್ಮೆ ಹೇಳ್ರಿ, 'ಸದ್ಯಕ್ಕೆ' ಅಂದ್ರೋ 'ಎಂದಿಗೂ' ಅಂದ್ರೋ?" ಎಂದು ಕೇಳುತ್ತಿದ್ದರು.

ಪಾತ್ರ ಬದಲಿಸಿ ಆಡಿಸುವ ಆಟವೊಂದಿತ್ತು. ಚಿಂಚೋಳಿಯ ಎರಡನೆಯ ಸುತ್ತಿನಲ್ಲಿ ಸಾಹುಕಾರರನ್ನು ಹದಿನೆಂಟರ ಹುಡುಗನನ್ನಾಗಿ ಮಾಡಿ, ಆಶಾ ಕಾರ್ಯಕರ್ತೆಯೊಬ್ಬರನ್ನು ಅಪ್ಪನನ್ನಾಗಿ ಕೂಡಿಸಿದೆ. ಹುಡುಗ ಅಪ್ಪನಿಗೆ ಒಂದೇ ಒಂದು ವಾಕ್ಯ ಹೇಳಬೇಕು. ಎಲ್ಲರೂ ಮುಸಿಮುಸಿ ನಗುತ್ತಿದ್ದರು. ಸಾಹುಕಾರರು ಬಾಯಿ ತೆರೆದರು, ಮುಚ್ಚಿದರು, ಧೋತರದ ಅಂಚು ಹಿಡಿದು ಕೂತರು. ನಗು ನಿಂತುಹೋಯಿತು. ಕೊನೆಗೆ ಅವರು, "ಇಷ್ಟು ಹೇಳಲಿಕ್ಕ ಇಷ್ಟು ತ್ರಾಸ ಅದ ಅಂತ ನನಗ ಗೊತ್ತಿರಲಿಲ್ರಿ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಸೇಡಂನ ಮೂರನೆಯ ಸುತ್ತಿಗೆ ಐದೂ ಊರಿನವರನ್ನು ಒಟ್ಟಿಗೆ ಕೂಡಿಸಿದ್ದೆ. ಮಧ್ಯಾಹ್ನದ ಊಟ ಆಗಿ, ಬಿಸಿಲು ಕಿಟಕಿಯಿಂದ ಜಾರಿ ನೆಲದ ವೃತ್ತಗಳ ಮೇಲೆ ಬಿದ್ದು, ಎಲ್ಲರೂ ಅರೆಕಣ್ಣು ಮುಚ್ಚಿದ್ದ ಹೊತ್ತು. ವಾಡಿಯ ಹತ್ತಿರದ ರಾವೂರದಿಂದ ಬಂದಿದ್ದ ಹೆಂಗಸೊಬ್ಬರು, ಯಾರೂ ಕೇಳದೆಯೇ, ತಮ್ಮ ಮನೆಯ ಮಾತು ಶುರುಮಾಡಿದರು. ಗಂಡ ತೀರಿದ ಮೇಲೆ ತಂಗಿಯ ಮನೆಗೇ ಬಂದು ಉಳಿದವರು. ಆ ತಂಗಿಯೂ ಹೋದ ಮೇಲೆ ಏಳು ವರ್ಷದ ಅವಳ ಮಗನನ್ನು ಬೆಳೆಸಿದವರು. ಅವನಿಗೆ ಈಗ ಇಪ್ಪತ್ತು. ಅವನ ಬಾಯಲ್ಲಿ ಇವರು ದೊಡ್ಡವ್ವ. ತರಬೇತಿಯಲ್ಲಿ ನಾವೂ ಹಾಗೇ ಕರೆಯತೊಡಗಿದ್ದೆವು.

"ನಾ ರೊಟ್ಟಿ ಬಡೀಲಿಕತ್ತಿದ್ದೆ. ಬಂದು ಬಾಜೂಕ ಕುಂತ. 'ದೊಡ್ಡವ್ವಾ, ನನಗ ಹುಡುಗೇರ ಮ್ಯಾಲ ಮನಸ್ಸು ಬರಂಗಿಲ್ಲ, ಹುಡುಗೂರ ಮ್ಯಾಲ ಬರ್ತದ' ಅಂದ. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಲಿಕತ್ತಿತ್ತು, ತಿರುವಿ ಹಾಕ್ದೆ. 'ಊಟಾ ಮಾಡು' ಅಂದೆ. ಮತ್ತೇನ್ ಅನ್ಲಿ ನಾ? ಹಸದಿದ್ದ."

ಅವರೇ ಮುಂದುವರಿಸಿದರು. "ಇಲ್ಲಿ ಹೇಳಲಿಕ್ಕ ಅವನs ಹ್ಞೂಂ ಅಂದಾನ. ಅವರಪ್ಪಗ ಗೊತ್ತಿಲ್ರಿ. ಕಲ್ಲಿನ ಖಣಿಯಾಗ ಮೇಸ್ತ್ರಿ ಅದಾನ. ಸಿಟ್ಟು ಬಂದ್ರ ಕೈಯಾಗ ಏನದ ಅಂತ ನೋಡಂಗಿಲ್ಲ. ಅವಗ ಗೊತ್ತಾದ ದಿನ ನನ್ನ ಕೂಸಿನ ಗತಿ ಏನು ಅಂತ ಅದೊಂದs ಫಿಕರ್."

ಆಗ ನಾನು ಬಾಯಿ ತಪ್ಪಿ ಒಂದು ಮಾತು ಹೇಳಿದೆ. "ಇಂಥವರಿಗೆ ಸನ್ಮಾನ ಮಾಡಬೇಕು ನೋಡಿ." ಹೇಳುವಾಗ ನನ್ನ ಕಣ್ಣೂ ತುಂಬಿತ್ತು. ಈ ಸೀಮೆಯಲ್ಲಿ ಸನ್ಮಾನವೆಂಬುದು ಎಂಥ ಪದಾರ್ಥವೆಂದು ಗೊತ್ತಿದ್ದೂ ಹೇಳಿದೆ. ಇಲ್ಲಿ ರಸ್ತೆಗೆ ಡಾಂಬರು ಬಿದ್ದರೆ ಸನ್ಮಾನ, ಗುಮಾಸ್ತರು ವರ್ಗವಾದರೆ ಸನ್ಮಾನ, ವರ್ಗ ರದ್ದಾದರೂ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ ಇಲ್ಲದೆ ಯಾವ ಸಭೆಯೂ ಮುಗಿದ ಲೆಕ್ಕಕ್ಕಿಲ್ಲ. ಸಾಹುಕಾರರು ನನ್ನ ಮಾತಿಗೆ ನಿಧಾನವಾಗಿ ತಲೆಯಾಡಿಸಿದ್ದನ್ನು ನೋಡಿದ್ದೆ. ನೋಡಿ ಸುಮ್ಮನಾದೆ.

ಸಮಾರೋಪ ಶನಿವಾರ ಸೇಡಂನಲ್ಲಿ ನಡೆಯಬೇಕಿತ್ತು. ಅದರ ಸಿದ್ಧತೆ ಮಾತಾಡಲು ಬುಧವಾರ ಬೆಳಿಗ್ಗೆ ಸುಲೇಪೇಟಕ್ಕೆ ಹೋದೆ. ತೊಗರಿಯ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಅಂಗಡಿಯ ಮುಂದೆ ಕಾಳಿನ ರಾಶಿ, ಗಾಳಿಯಲ್ಲಿ ಕೆಂಪು ಹೊಟ್ಟು ತೇಲುತ್ತಿತ್ತು. "ಬರ್ರಿ, ಬರ್ರಿ, ಕುಂದ್ರಿ" ಎಂದ ಸಾಹುಕಾರರ ಮುಖದಲ್ಲಿ ಮದುವೆ ಮನೆಯ ಕಳೆಯಿತ್ತು. ಗಾದಿಯ ಕೆಳಗಿನಿಂದ ಗುಲಾಬಿ ಬಣ್ಣದ ಕಾಗದವೊಂದನ್ನು ತೆಗೆದು ಎರಡೂ ಕೈಯಿಂದ ಕೊಟ್ಟರು.

ಕರಪತ್ರ. ಮೇಲೆ ದಪ್ಪ ಅಕ್ಷರದಲ್ಲಿ ನಮ್ಮ ತರಬೇತಿಯ ಹೆಸರು, ಸಲಿಂಗಪ್ರೇಮಿ ಯುವಜನರ ರಕ್ಷಣೆ ಎಂಬುದನ್ನು ಒಂದಕ್ಷರವೂ ಬಿಡದೆ ಹಾಕಿಸಿದ್ದರು. ಕೆಳಗೆ, ತಂಗಿಯ ಮಗನನ್ನು ಅವನಿರುವ ಹಾಗೆಯೇ ಒಪ್ಪಿ ಎದೆಗವಚಿಕೊಂಡ ಮಹಾತಾಯಿಗೆ ಹೃತ್ಪೂರ್ವಕ ಸನ್ಮಾನ. ಅದರ ಕೆಳಗೆ ದೊಡ್ಡವ್ವನ ಪೂರ್ತಿ ಹೆಸರು, ಊರು ರಾವೂರ. ಸರ್ವರಿಗೂ ಆದರದ ಸ್ವಾಗತ.

ಆ ಊರಿನಲ್ಲಿ ಆ ಹೆಂಗಸಿಗೆ ಇದ್ದದ್ದು ಒಬ್ಬಳೇ ತಂಗಿ, ಆ ತಂಗಿಗೆ ಇದ್ದದ್ದು ಒಬ್ಬನೇ ಮಗ. ಹುಡುಗನ ಹೆಸರು ಬೇರೆ ಹಾಕಬೇಕಾಗಿರಲಿಲ್ಲ.

"ಎಷ್ಟು ಜನಕ್ಕೆ ಕೊಟ್ಟಿದ್ದೀರಿ, ಸಾಹುಕಾರರೇ?"

"ನಿನ್ನೆ ಸಂಜೀಕ ಬಸ್ಸಿನವರ ಕೈಯಾಗ ಕಟ್ಟು ಕಳಿಸೀನ್ರಿ. ಸೇಡಂ, ಚಿತ್ತಾಪುರ, ವಾಡಿ, ರಾವೂರ. ಪರಿಚಯದ ಕಿರಾಣಿ ಅಂಗಡ್ಯಾಗ ಇಳಿಸ್ತಾರ, ಅವರು ಹಂಚ್ತಾರ. ಮುಖ್ಯ ಆಕಿ ಊರ ಮಂದಿಗೆ ಗೊತ್ತಾಗಬೇಕಲ್ರಿ, ಎಂಥಾ ಹೆಣಮಗಳು ತಮ್ಮ ಊರಾಗ ಅದಾಳ ಅಂತ."

"ಆ ಹುಡುಗನನ್ನು ಕೇಳಿದಿರಾ?"

"ಸನ್ಮಾನಕ್ಕ ಯಾರು ಬ್ಯಾಡಂತಾರ್ರಿ?" ಅವರು ನಿಜಕ್ಕೂ ತಬ್ಬಿಬ್ಬಾದರು. "ಮತ್ತ ನೀವs ಹೇಳಿದ್ರಿ."

ನನಗೆ ಸಿಟ್ಟು ಬಂತು, ಅವರ ಮೇಲಲ್ಲ. ಗುಟ್ಟು ಬಿಟ್ಟುಕೊಡಬೇಡಿ, ಚಾಡಿ ಹೇಳಬೇಡಿ, ಹಿಂದೆ ಆಡಿಕೊಳ್ಳಬೇಡಿ ಎಂದು ನಾಲ್ಕು ತಿಂಗಳು ಕಲಿಸಿದ್ದೆ. ಎಲ್ಲವೂ ಕೆಟ್ಟ ಮಾತಿನ ಬಗ್ಗೆ. ಹೊಗಳಿಕೆಯಿಂದಲೂ ಒಬ್ಬ ಹುಡುಗ ಬೀದಿಗೆ ಬೀಳಬಹುದೆಂದು ನನಗೇ ಹೊಳೆದಿರಲಿಲ್ಲ. ಮಾತಿನಲ್ಲಿ ಹೇಳಲು ಹೋಗದೆ ಚೀಲದಿಂದ ಸೀಮೆಸುಣ್ಣ ತೆಗೆದು ಅವರ ಅಂಗಡಿಯ ನೆಲದ ಮೇಲೆ ಮೂರು ವೃತ್ತ ಎಳೆದೆ. ತೊಗರಿ ಕಾಳುಗಳನ್ನೇ ಹರಳು ಮಾಡಿದೆ. ಒಳಗೆ ದೊಡ್ಡವ್ವ ಮತ್ತು ತರಬೇತಿಯವರು. ಹೊರಗೆ ಅಪ್ಪ, ಖಣಿಯವರು, ಓಣಿಯವರು. ಆಮೇಲೆ ಕರಪತ್ರವನ್ನು ಅದರ ಮೇಲೆ ಹಾಸಿದೆ. ಮೂರು ವೃತ್ತವೂ ಅದರ ಕೆಳಗೆ ಮುಚ್ಚಿಹೋದವು.

ಸಾಹುಕಾರರು ಬಗ್ಗಿ ಕಾಗದದ ಅಂಚನ್ನೆತ್ತಿ ಕೆಳಗಿನ ಕಾಳುಗಳನ್ನು ನೋಡಿದರು. "ಅಯ್ಯೋ ಶಿವನೇ. ನಾನs ದೂಡಿಬಿಟ್ಟೆನಲ್ರಿ." ಫೋನು ಕೈಗೆತ್ತಿಕೊಂಡು, "ಎಲ್ಲಾರಿಗೂ ಹೇಳ್ತೀನಿ, ಯಾರಿಗೂ ಕೊಡಬ್ಯಾಡ್ರಿ ಅಂತ" ಎಂದರು. ತಡೆದೆ. ಕೊಡಬೇಡಿ ಎಂದ ಮೇಲೆ ಅದನ್ನು ಓದದೆ ಬಿಡುವ ಅಂಗಡಿಯವನು ಯಾವ ಊರಲ್ಲೂ ಇಲ್ಲ. ಕಟ್ಟು ಬಿಚ್ಚುವ ಮೊದಲು ಅವರೇ ಹೋಗಿ ಕೈಯಾರೆ ತರಬೇಕು.

"ಏನಂತ ಹೇಳಿ ಇಸ್ಕೊಳ್ಲಿ?"

"ತಾರೀಖು ತಪ್ಪಿದೆ ಅನ್ನಿ."

"ಸುಳ್ಳು ಹೇಳಬೇಕೇನ್ರಿ?"

"ಸುಳ್ಳೇನಲ್ಲ. ಆ ತಾರೀಖಿಗೆ ಸನ್ಮಾನವೇ ಇಲ್ಲವಲ್ಲ."

ಅಂಥ ಗಳಿಗೆಯಲ್ಲೂ ಅವರ ಮೀಸೆ ಅಲುಗಿತು. ತೊಗರಿಯ ರಾಶಿಯನ್ನು ಆಳುಗಳಿಗೆ ಒಪ್ಪಿಸಿ ನನ್ನ ಜೊತೆ ಸೇಡಂ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಅವರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರು. "ಎಲ್ಲಾ ಕಟ್ಟು ಸಿಕ್ಕರ, ಆ ಹುಡುಗಗ ಹೇಳೋದು ಜರೂರಿ ಏನ್ರಿ?" ಎಲ್ಲ ಸಿಕ್ಕರೆ ಒಲೆಗೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಹುಡುಗನಿಗೆ ಭಯವಿಲ್ಲ, ದೊಡ್ಡವ್ವನಿಗೆ ನೋವಿಲ್ಲ, ನನಗೆ ಅವಮಾನವಿಲ್ಲ. ಸೇಡಂನಲ್ಲಿ ಅವರು ಇಳಿದರು, ನಾನು ವಾಡಿಯ ಕಡೆಯ ರೈಲು ಹಿಡಿದೆ. ಅಂದು ಜೊಂಪು ಬಂದರೂ ಅದರೊಳಗೆ ಗುಲಾಬಿ ಕಾಗದಗಳೇ ಹಾರಾಡಿದವು. ಕಾಗಿಣಾ ಹೊಳೆಯ ಮೇಲೆ ಅವು ಒಂದೊಂದಾಗಿ ಇಳಿದು ತೇಲಿಹೋಗುವುದನ್ನು ನಾನು ದಂಡೆಯಲ್ಲಿ ಕೂತು ನೋಡುತ್ತಿದ್ದೆ, ಮನಸ್ಸಿಗೆ ಎಂಥದೋ ಹಿತವಾಗುತ್ತಿತ್ತು. ಆ ಹಿತವೇ ನನ್ನನ್ನು ಎಬ್ಬಿಸಿತು. ಹರಳು ದೂಡಿದ್ದು ನಾವು, ದೂಡಿಲ್ಲವೆಂದು ಮುಚ್ಚಿಡುವುದೂ ನಾವೇ ಆಗಬಾರದು. ವಾಡಿ ಬರುವುದರೊಳಗೆ ಹೇಳುವುದೆಂದು ಗಟ್ಟಿ ಮಾಡಿಕೊಂಡೆ.

ಹುಡುಗ ವಾಡಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ದೊಡ್ಡವ್ವನ ಜೊತೆ ಒಮ್ಮೆ ನನ್ನನ್ನು ನೋಡಲು ಬಂದಿದ್ದರಿಂದ ಗುರುತಿತ್ತು. ನಾನು ಹೋದಾಗ ತಾಮ್ರದ ತಂತಿ ಸುತ್ತುತ್ತಿದ್ದ. ಸುತ್ತು ಎಣಿಸುತ್ತಿದ್ದವನು ನನ್ನನ್ನು ಕಂಡು ಕಣ್ಣಲ್ಲೇ ಕೂರಲು ಹೇಳಿದ. ನಡುವೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ, ಮೊದಲಿನಿಂದ ಸುತ್ತಬೇಕು. ಅವನ ತುಟಿ ಅಲುಗುವುದನ್ನು ನೋಡುತ್ತ ಕೂತೆ. ಸುತ್ತು ಮುಗಿದು ಅವನು ಕೈ ಒರೆಸಿಕೊಂಡ ಮೇಲೆ ಅಂಗಡಿಯ ಹಿಂದೆ ಕರೆದು ಎಲ್ಲವನ್ನೂ ಹೇಳಿದೆ. ನನ್ನ ಮಾತಿನಿಂದಲೇ ಆಯಿತು ಎಂಬುದನ್ನೂ ಬಿಡಲಿಲ್ಲ.

ಅವನು ಗೋಡೆಗೊರಗಿ ಕೂತ. "ದೊಡ್ಡವ್ವಗ ಗೊತ್ತೇನ್ರಿ?"

"ಇನ್ನೂ ಇಲ್ಲ. ನಿನಗೇ ಮೊದಲು."

ಸುಮಾರು ಹೊತ್ತಾದ ಮೇಲೆ ಸಾಹುಕಾರರು ಬಂದರು. ಬಿಸಿಲಲ್ಲಿ ಧೋತರ ಮಾಸಿತ್ತು, ಹೆಗಲ ಚೀಲದಲ್ಲಿ ನಾಲ್ಕು ಕಟ್ಟು. ಮೂರು ಬಿಚ್ಚಿರಲಿಲ್ಲ. ರಾವೂರದ್ದು ಬಿಚ್ಚಿತ್ತು. ಅಂಗಡಿಯವನು ಒಂದೇ ಒಂದು ಹಾಳೆ ಕೊಟ್ಟಿದ್ದನಂತೆ, ಬೆಳಿಗ್ಗೆ ಬೀಡಿ ಕೊಳ್ಳಲು ಬಂದ ಮೇಸ್ತ್ರಿಗೆ, ಹುಡುಗನ ಅಪ್ಪನಿಗೇ. ನಿಮ್ಮ ಮನೆಯವರ ಹೆಸರು ಬಂದಿದೆ ನೋಡಿ ಎಂದು.

ಸಾಹುಕಾರರು ಹುಡುಗನ ಮುಂದೆ ಎರಡೂ ಕೈ ಜೋಡಿಸಿದರು. "ತಮ್ಮಾ, ನಾ ಭಾಳ ದೊಡ್ಡ ತಪ್ಪು ಮಾಡೀನಪ್ಪ."

"ಕೈ ಮುಗಿಬ್ಯಾಡ್ರಿ, ನೀವು ಹಿರಿಯಾರು" ಎಂದ ಹುಡುಗ, ಅವರ ಕೈಗಳನ್ನು ಹಿಡಿದು ಇಳಿಸಿದ. ಆಮೇಲೆ ನನ್ನ ಕಡೆ ತಿರುಗಿದ. "ಮೇಡಂ, ಅಪ್ಪ ಓದಿರ್ತಾನ. ಆದ್ರ ನನ್ನ ಬಾಯಿಲೆ ಕೇಳಿಲ್ಲ. ನಾ ಈಗs ಹೋಗಿ ಹೇಳ್ತೀನಿ. ಹೇಳಲಾರದs ಇದ್ರ ನಾ ಕಳ್ಳ ಆಗ್ತೀನಿ."

ಅವಸರ ಬೇಡ, ಹೇಳುವುದೂ ಬಿಡುವುದೂ ನಿನ್ನ ಇಷ್ಟ ಎಂದೆ. ಅವನು ಗಟ್ಟಿಯಾಗಿದ್ದ. ಹಾಗಾದರೆ ಕಲಿಸಿದ್ದನ್ನೆಲ್ಲ ಈಗ ಮಾಡಬೇಕು. ಮನೆಯೊಳಗೆ ಬೇಡ, ಬಯಲಲ್ಲಿ ಹೇಳಬೇಕು. ಕೈಗೆ ಸುತ್ತಿಗೆ ಸಿಗದ ಕಡೆ ನಿಲ್ಲಬೇಕು. ಕಣ್ಣಳತೆಯಲ್ಲಿ ನಾವಿರಬೇಕು, ಕಿವಿಯಳತೆಯಲ್ಲಿ ಇರಬಾರದು. ಹುಡುಗ ತಲೆಯ ಮೇಲೆ ಕೈಯಿಟ್ಟರೆ ನಾವು ಅಲ್ಲಿಗೆ ಧಾವಿಸಬೇಕು. ಇವತ್ತು ಮಲಗಲು ಒಂದು ಮನೆ ಮೊದಲೇ ಗೊತ್ತಾಗಬೇಕು. ದಂಡೋತಿಯ ಹೆಡ್‌ಮಾಸ್ತರರಿಗೆ ಫೋನು ಹಚ್ಚಿದೆ. ಮಡಿ ಮೈಲಿಗೆಯ ಮನೆ, ಹಿಂಜರಿಯುತ್ತಲೇ ಕೇಳಿದೆ.

"ಒಂದು ಖೋಲಿ ಖಾಲಿ ಅದ. ನಮ್ಮ ಮನಿಯಾಕಿಗೆ ಕೇಳ್ತೀನಿ, ತಡೀರಿ" ಎಂದರು. ಫೋನಿನಾಚೆ ಹಿತ್ತಲ ಬಾಗಿಲ ಸದ್ದು, ಗುಸುಗುಸು. ಮರಳಿ ಬಂದ ದನಿಯಲ್ಲಿ ಸಂಕೋಚವಿತ್ತು. "ನಮ್ಮಲ್ಲಿ ಅಡಗ್ಯಾಗ ಉಳ್ಳಾಗಡ್ಡಿ ಹಾಕಂಗಿಲ್ಲ. ಹುಡುಗಗ ನಡೀತದೇನು ಅಂತ ಕೇಳಲಿಕತ್ತಾಳ." ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ.

ನಾಲ್ಕು ಗಂಟೆಯ ಸುಮಾರಿಗೆ ರಾವೂರದ ಖಣಿಯ ಮೇಲಿನ ರಸ್ತೆಯಲ್ಲಿ ನಾನೂ ಸಾಹುಕಾರರೂ ನಿಂತಿದ್ದೆವು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕಲ್ಲು, ತಳದಲ್ಲಿ ಹಸಿರು ನೀರು, ಎಲ್ಲದರ ಮೇಲೆ ಹಾಲಿನಂಥ ಬೆಳಕು. ಆ ಬೆಳಕಿನಲ್ಲಿ ಅಪ್ಪ ಮಗ ಎರಡು ಸಣ್ಣ ಆಕಾರಗಳಾಗಿ ಕಂಡರು. ಒಂದು ಮಾತೂ ಕೇಳಿಸಲಿಲ್ಲ. ಅಪ್ಪ ಅಂಗಿಯ ಕಿಸೆಯಿಂದ ಗುಲಾಬಿ ಕಾಗದ ತೆಗೆದು ಬಿಚ್ಚಿ ಹಿಡಿದ. ಮಗ ಏನೋ ಹೇಳಿದ. ಅಪ್ಪನ ಕೈ ಮೇಲಕ್ಕೆ ಹೋಯಿತು. ಸಾಹುಕಾರರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಆ ಕೈ ತಲೆಗೆ ಸುತ್ತಿದ್ದ ವಸ್ತ್ರವನ್ನು ಎಳೆದು ಬಿಚ್ಚಿತು, ಅಪ್ಪ ಅದನ್ನು ಮುಖಕ್ಕೆ ಒತ್ತಿಕೊಂಡು ಕಲ್ಲಿನ ಮೇಲೆ ಕುಸಿದು ಕೂತ. ಎಷ್ಟೋ ಹೊತ್ತಾದ ಮೇಲೆ ರಸ್ತೆಯ ಕಡೆ ಬೆರಳು ತೋರಿಸಿದ.

ಹುಡುಗ ಏದುಸಿರು ಬಿಡುತ್ತ ಮೇಲೆ ಬಂದ. "ಖರೇ ಏನು ಅಂದ. ಹೌದು ಅಂದೆ. ಮನಿಗೆ ಬರಬ್ಯಾಡ ಅಂದ."

"ಹೊಡೆದನಾ?"

"ಇಲ್ರಿ. ಹೊಡದಿದ್ರ ಛಲೋ ಇತ್ತು."

ಉಟ್ಟ ಬಟ್ಟೆಯಲ್ಲೇ ದಂಡೋತಿಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಅವನು ಇನ್ನೊಂದು ವಿಷಯ ಹೇಳಿದ. ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್‌ಗೆ ಆಯ್ಕೆಯಾಗಿದ್ದ. ಸೋಮವಾರ ಮಾರ್ಕ್ಸ್‌ಕಾರ್ಡು, ಸರ್ಟಿಫಿಕೇಟು ಎಲ್ಲ ತೋರಿಸಬೇಕು. ಅವೆಲ್ಲ ಮನೆಯ ಕಬ್ಬಿಣದ ಟ್ರಂಕಿನಲ್ಲಿವೆ, ಕೀಲಿ ಅಪ್ಪನ ಉಡಿದಾರದಲ್ಲಿದೆ. ಸಿಟ್ಟಿಗೆದ್ದ ಮನೆಗಳಲ್ಲಿ ಮೊದಲು ಒಲೆಗೆ ಬೀಳುವುದು ಈ ಕಾಗದಗಳೇ. ಕಣ್ಣಾರೆ ಕಂಡಿದ್ದೇನೆ.

ಆ ಮೂರು ದಿನ ಕನಸಿನೊಳಗೆ ನಡೆದಾಡಿದ ಹಾಗಿತ್ತು. ನಾನು ದಿನಾ ದಂಡೋತಿಗೆ ಹೋಗುತ್ತಿದ್ದೆ. ಹೊಳೆಯ ಮೇಲಿನ ಮಂಜು ಹೆಡ್‌ಮಾಸ್ತರರ ಹಿತ್ತಿಲಿನವರೆಗೂ ಬಂದು ತುಳಸಿಕಟ್ಟೆಯ ಹತ್ತಿರ ಕರಗುತ್ತಿತ್ತು. ಹುಡುಗ ಅವರ ಮನೆಯ ಕೆಟ್ಟ ಪಂಪುಸೆಟ್ಟನ್ನು ಬಿಚ್ಚಿ ಕೂತಿರುತ್ತಿದ್ದ. ಹೆಡ್‌ಮಾಸ್ತರರು ಪಕ್ಕದಲ್ಲಿ ನೋಟುಬುಕ್ಕು ಹಿಡಿದು ಯಾವ ತಂತಿ ಎಲ್ಲಿಗೆ ಎಂದು ಬರೆದುಕೊಳ್ಳುತ್ತಿದ್ದರು. ಅವರ ಹೆಂಡತಿ ಅಡುಗೆಮನೆಯಿಂದಲೇ "ಇನ್ನೊಂದು ಹಿಡಿ ಅನ್ನ ಹಾಕಿಸ್ಕೊಳ್ಳಪಾ" ಎಂದು ಕೂಗುತ್ತಿದ್ದರು. ಬುಧವಾರ ರಾತ್ರಿಯೇ ನನ್ನಿಂದ ಎಲ್ಲ ಕೇಳಿ ತಿಳಿದಿದ್ದ ದೊಡ್ಡವ್ವ ಶುಕ್ರವಾರ ಬಂದು ಅವನ ತಲೆ ನೇವರಿಸಿ, ಅಪ್ಪ ಖಣಿಗೂ ಹೋಗುತ್ತಿಲ್ಲ, ಉಣ್ಣುತ್ತಲೂ ಇಲ್ಲ, ಟ್ರಂಕಿನ ಮುಂದೆಯೇ ಕೂತಿರುತ್ತಾನೆ ಎಂದು ಹೇಳಿ ಹೋದರು. ಟ್ರಂಕಿನ ಮುಂದೆ ಎಂದ ಕೂಡಲೇ ಹುಡುಗನ ಕೈಯ ಸ್ಕ್ರೂಡ್ರೈವರ್ ನಿಂತಿತು. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಶನಿವಾರ ಸೇಡಂನಲ್ಲಿ ಸಮಾರೋಪ ಹಾರ ಶಾಲುಗಳಿಲ್ಲದೆ ನಡೆಯಿತು. ಎಲ್ಲರೂ ನೆಲದ ಮೇಲೆ ಕೂತಿದ್ದರು. ಸಾಹುಕಾರರು ಎದ್ದು ನಿಂತರು. "ನಾ ಒಂದು ತಪ್ಪು ಮಾಡೀನಿ. ಯಾರಿಗೆ ಅಂತ ಹೇಳಂಗಿಲ್ಲ. ಒಳ್ಳೇದು ಮಾಡಲಿಕ್ಕ ಹೋದೆ, ಕೇಳಲಾರದ ಹೋದೆ. ನೀವು ಹಾಂಗ ಮಾಡಬ್ಯಾಡ್ರಿ." ಅಷ್ಟು ಹೇಳಿ ಕೂತರು. ಹೊಗಳುವುದಕ್ಕೂ ಒಪ್ಪಿಗೆ ಬೇಕು ಎಂಬ ಸಾಲನ್ನು ನಾನು ಅಂದು ನನ್ನ ಪಾಠಕ್ಕೆ ಸೇರಿಸಿದೆ. ಹೆಡ್‌ಮಾಸ್ತರರು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಭಾನುವಾರ ಬೆಳಿಗ್ಗೆ ನಾನು ದಂಡೋತಿಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಅಂಗಳದಲ್ಲಿ ಒಬ್ಬರು ಬಂದು ನಿಂತರು. ದಪ್ಪ ಮೂಳೆಯ ಆಳು, ಗಡ್ಡ ಬೆಳೆದಿತ್ತು, ರೆಪ್ಪೆಯ ಮೇಲೂ ದಾರಿಯ ಬಿಳಿ ಹುಡಿ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ಒತ್ತಿ ಹಿಡಿದಿದ್ದರು. ಪಂಪಿನ ಮುಂದೆ ಕೂತಿದ್ದ ಹುಡುಗ ಎದ್ದು ನಿಂತದ್ದನ್ನು ನೋಡಿಯೇ ಯಾರೆಂದು ತಿಳಿಯಿತು; ಜಾಗವನ್ನು ದೊಡ್ಡವ್ವ ಹೇಳಿರಬೇಕು. ನಾನು ಲೋಟ ಕೆಳಗಿಟ್ಟು ಇಬ್ಬರ ನಡುವೆ ಹೋಗಿ ನಿಂತೆ.

ಅವರು ಮಗನ ಕಡೆ ನೋಡಲಿಲ್ಲ. ಹೆಡ್‌ಮಾಸ್ತರರಿಗೆ ಕೈಮುಗಿದು ಚೀಲವನ್ನು ಕಟ್ಟೆಯ ಮೇಲಿಟ್ಟರು. ಒಳಗಿದ್ದ ಕಡತದ ಅಂಚು ಹೊರಗೆ ಕಾಣುತ್ತಿತ್ತು. ಮಾರ್ಕ್ಸ್‌ಕಾರ್ಡು, ಸರ್ಟಿಫಿಕೇಟು, ಎಲ್ಲ.

"ಮಾಸ್ತರ್ರೆ, ಇವು ನಿಮ್ಮಲ್ಲಿ ಇರ್ಲಿ. ನಾಕು ಸಲ ಟ್ರಂಕ್ ತಗದೆ, ನಾಕು ಸಲ ಹರೀಬೇಕು ಅಂತ ಕೈ ಹೋತು. ಐದನೇ ಸಲ ಹರದೇ ಬಿಡ್ತೀನಿ ಅಂತ ನನಗs ಅಂಜಿಕಿ ಬಂತು. ಸಿಟ್ಟು ಇನ್ನಾ ಇಳದಿಲ್ರಿ. ಇಳದ ದಿನ ಬಂದು ಇಸ್ಕೊಂಡು ಹೋಗ್ತೀನಿ."

ಹೆಡ್‌ಮಾಸ್ತರರು ಚೀಲವನ್ನು ಎರಡೂ ಕೈಯಿಂದ ಎತ್ತಿಕೊಂಡರು. "ಇಸ್ಕೊಂಡು ಹೋಗೋದು ಏನು? ಕಾಗದಾನೋ, ಮಗನ್ನೋ?"

ಅಪ್ಪ ಆಗಲೇ ಬೆನ್ನು ತಿರುಗಿಸಿದ್ದರು. ಬಾಗಿಲ ಹತ್ತಿರ ಒಂದು ಕ್ಷಣ ನಿಂತರು.

"ಎರಡೂನು" ಎಂದರು.